ಕಡವೆಯ ಕೊರಳಿನ ಕೆಂಪು

"ಮಲಗಿರೋ ಗಂಡು ಕಡವೆ ಹೆಣ್ಣಿನ ದನಿಗೆ ಏಳಲ್ಲ ಕಣೋ ಜಡೆಯ. ಇನ್ನೊಂದು ಗಂಡಿನ ಸದ್ದಿಗೆ ಏಳ್ತಾನೆ. ಕೊಂಬು ಒಂದೇ ಸಲ ಉಜ್ಜು. ಆಮೇಲೆ ತೆಪ್ಪಗಿರು. ಅವನು ಪಕ್ಕೆ ತಿರುಗಿಸೋ ತನಕ ಬಾಣ ಬಿಡಬೇಡ."

ಕೇತಿ ಗಂಡನಿಗೆ ಹೇಳಿದ ಕಡೇ ಮಾತು ಇದು. ಹೇಳಿ ಆ ಕಡೆ ಹೊರಳಿದಳು. ಮತ್ತೆ ಈ ಕಡೆ ಹೊರಳಲಿಲ್ಲ.

ಆಗ ಲೋಕ ಹೊಸದು. ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಗಾಳಿಯೂ ಮಾತಾಡುತ್ತಿತ್ತು, ಕಡವೆಯೂ ಮಾತಾಡುತ್ತಿತ್ತು. ಕಡವೆಯ ಕೊರಳು ಆಗ ನುಣ್ಣಗಿತ್ತು. ಒಂದು ಕಲೆಯೂ ಇರಲಿಲ್ಲ.

ಜಡೆಯ, ಕೇತಿ ಕೂಡಿಯೇ ಬೇಟೆಗೆ ಹೋಗುತ್ತಿದ್ದರು. ಕರೆಯುವುದು ಅವಳ ಕೆಲಸ. ಕಾಡಲ್ಲಿ ಉದುರಿದ ಕೊಂಬನ್ನು ಮರಕ್ಕೆ ಉಜ್ಜುತ್ತಿದ್ದಳು. ಸೊಕ್ಕಿದ ಗಂಡೊಂದು ಬಂದು ನಿಂತ ಹಾಗೇ ಕೇಳುತ್ತಿತ್ತು. ಹೊಡೆಯುವುದು ಅವನ ಕೆಲಸ.

ಕಾಯುವುದು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಅದಕ್ಕೆ ಕೇತಿ ಅವನ ಮಂಡಿ ಮೇಲೆ ಕೈ ಇಡುತ್ತಿದ್ದಳು. ಕೈ ಇದ್ದಷ್ಟು ಹೊತ್ತು ಕಾಯುತ್ತಿದ್ದ. ಕೈ ತೆಗೆದರೆ ಬಾಣ ಬಿಡುತ್ತಿದ್ದ.

ಅವಳು ಹೋದ ಮೇಲೆ ಜಡೆಯ ಬೇಟೆಗೆ ಹೊರಡಲಿಲ್ಲ. ಅಟ್ಟದ ಮೇಲೆ ಒಣಗಿದ ಮಾಂಸ ಬೇಕಾದಷ್ಟಿತ್ತು. ಅವಳು ಹಾಕಿದ್ದ ಅವರೆ ಬಳ್ಳಿ ಚಪ್ಪರದಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿ ಕಟ್ಟಲಿಲ್ಲ.

ಒಂದು ದಿನ ಹೊಳೆ ನೀರಿಗೆ ಹೋದಾಗ ಆಚೆ ದಡ ನೋಡಿದ. ನಡುಮಧ್ಯಾಹ್ನ. ಹುಲ್ಲಲ್ಲಿ ಒಂದು ಗಂಡು ಕಡವೆ ಮಲಗಿತ್ತು. ಪಕ್ಕದಲ್ಲೇ ಅದರ ಹೆಣ್ಣು ಕೂತು ಅದರ ಕೊರಳು ನೆಕ್ಕುತ್ತಿತ್ತು.

ಜಡೆಯನ ಹೊಟ್ಟೆಯಲ್ಲಿ ಕೆಂಡ ಬಿತ್ತು.

"ಇವನಿಗೆ ಯಾಕಿರಬೇಕು? ಇವನು ಸಾಯಲಿ. ಅವಳೂ ನನ್ನ ಹಾಗೆ ಒಬ್ಬಳೇ ಕೂತಿರಲಿ" ಅಂದುಕೊಂಡ. ಮನೆಗೆ ಓಡಿದ. ಬಿಲ್ಲು ತಂದ, ಕೊಂಬು ತಂದ. ಅವರೆ ಬಳ್ಳಿ ತುಳಿದುಕೊಂಡೇ ಬಂದ.

ಹೊಳೆ ದಾಟುವಾಗ ಗಾಳಿ ಕೇಳಿತು, "ಒಬ್ಬನೇ ಬಂದ್ಯಾ? ಕೇತಿ ಎಲ್ಲಿ?"

"ಇಲ್ಲ."

ಗಾಳಿ ಅವನ ವಾಸನೆ ಕಡವೆಗೆ ಮುಟ್ಟದ ಹಾಗೆ ತಿರುಗಿ ಬೀಸಿತು.

ಜಡೆಯ ಮರದ ಹಿಂದೆ ಕೂತ. ಕೊಂಬು ಉಜ್ಜಿದ. ಒಂದೇ ಸಲ. ಆಮೇಲೆ ತೆಪ್ಪಗಿದ್ದ.

"ಯಾರೋ ಬಂದಂಗಿದೆ" ಅಂತು ಹೆಣ್ಣು.

"ಬರಲಿ ಬಿಡು. ಬಿಸಿಲು" ಅಂತು ಗಂಡು.

ಮರದ ನೆರಳು ಒಂದು ಬೇರು ದಾಟಿತು. ಗಂಡು ಮೆಲುಕು ಹಾಕುವುದು ನಿಲ್ಲಿಸಿತು.

"ಯಾಕೆ ಸುಮ್ಮನಾದ ಅವನು?"

"ನಿನಗ್ಯಾಕೆ? ಮಲಕೋ."

"ನೀನ್ಯಾಕೆ ಆ ಕಡೆ ನೋಡ್ತೀಯ?"

"ಸದ್ದಾಯ್ತು, ನೋಡಿದೆ."

"ಸದ್ದಾದ ಕಡೆಗೆಲ್ಲಾ ನೋಡ್ತೀಯಾ?"

"ಅಯ್ಯೋ, ನಿನ್ನ ಕೊಂಬಿನಷ್ಟು ಬುದ್ಧಿ ಬೆಳೆದಿದ್ರೆ!"

ಜಡೆಯನಿಗೆ ನಗು ಬಂತು. ತಾನೂ ಕೇತಿಯನ್ನು ಹೀಗೇ ಕೇಳುತ್ತಿದ್ದ. ಅವಳೂ ಹೀಗೇ ಬೈಯುತ್ತಿದ್ದಳು. ನಗು ಬಂದದ್ದೇ ತಡ, ಕೆಂಡ ಮತ್ತೆ ಉರಿಯಿತು.

ನೆರಳು ಇನ್ನೊಂದು ಬೇರು ದಾಟಿತು. ಗಂಡು ತಡೆಯಲಾರದೆ ಎದ್ದು ನಿಂತಿತು. ಎದೆ ಈ ಕಡೆ. ಪಕ್ಕೆ ತಿರುಗಿಸಲಿಲ್ಲ. ಕಾಯಬೇಕಿತ್ತು.

ಆಗ ಹೆಣ್ಣು ಹೇಳಿತು, "ಬಾರೋ. ನೀನು ಮಲಗಿದ್ದ ಜಾಗ ಇನ್ನೂ ಬೆಚ್ಚಗಿದೆ."

ಜಡೆಯನ ಮಂಡಿ ಮೇಲೆ ಕೈ ಇರಲಿಲ್ಲ. ಬಾಣ ಬಿಟ್ಟೇ ಬಿಟ್ಟ.

ಬಾಣ ಕೊರಳ ಕೆಳಗೆ ಸವರಿಕೊಂಡು ಹೋಯಿತು. ಕೂದಲು ಕಿತ್ತಿತು, ತೊಗಲು ಕಿತ್ತಿತು. ಹೆಣ್ಣು ಎದ್ದು ಬಂದು ತನ್ನ ಕೊರಳನ್ನು ಆ ಗಾಯಕ್ಕೆ ಒತ್ತಿ ನಿಂತಿತು. ನೆತ್ತರು ನಿಲ್ಲುವ ತನಕ ಹಾಗೇ ಒತ್ತಿ ನಿಂತಿತು. ಬಿಡಿಸಿಕೊಂಡಾಗ ಅದರ ಕೊರಳಲ್ಲೂ ಅಷ್ಟೇ ಅಗಲ ಕೆಂಪು.

ಜಡೆಯ ಮರೆಯಿಂದ ಹೊರಗೆ ಬಂದ.

"ಕೊಂಬು ಉಜ್ಜಿದವನು ನೀನಾ?" ಕೇಳಿತು ಗಂಡು. "ತಲೇಲಿ ಕೊಂಬಿಲ್ಲ. ಮುಖದಲ್ಲಿ ಹಸಿವೂ ಇಲ್ಲ. ಯಾಕೆ ಹೊಡೆದೆ?"

"ಜಾಗ ಬೆಚ್ಚಗಿದೆ ಅಂದಳಲ್ಲ. ಅದಕ್ಕೆ."

ಹೆಣ್ಣು ಜಡೆಯನನ್ನೇ ನೋಡಿತು.

"ನಿನ್ನವಳು ಹೋಗಿ ಎಷ್ಟು ದಿನ ಆಯ್ತು?"

"ಅವರೆ ಹೂ ಬಿಡೋಕೆ ಮುಂಚೆ."

"ಹಂಗಾದ್ರೆ ಈ ಗಾಯ ಪೂರ್ತಿ ಮಾಯೋದಲ್ಲ ಬಿಡು. ಹೊಟ್ಟೆಕಿಚ್ಚಿಂದ ಆದದ್ದು. ಅವರೆ ಹೂ ಬಿಟ್ಟಾಗೆಲ್ಲ ಬಿಚ್ಚಿಕೊಳ್ಳುತ್ತೆ. ಇಬ್ಬರಿಗೂ" ಅಂತು ಹೆಣ್ಣು.

ಎರಡೂ ಕಾಡಿಗೆ ಹೋದವು. ಹುಲ್ಲಲ್ಲಿ ಎರಡು ಗುಳಿ ಉಳಿದವು. ಜಡೆಯ ಕೂತು ಒಂದು ಗುಳಿಯಲ್ಲಿ ಕೈ ಇಟ್ಟ. ಬೆಚ್ಚಗಿತ್ತು. ಆರುವ ತನಕ ಕೈ ತೆಗೆಯಲಿಲ್ಲ. ಅವನು ಒಬ್ಬನೇ ಅಷ್ಟು ಹೊತ್ತು ಕಾದದ್ದು ಅದೇ ಮೊದಲು.

ಈಗಲೂ ನೋಡು ಮಗಾ, ಮಾಗಿ ಚಳಿಯಲ್ಲಿ ಅವರೆ ಹೂ ಬಿಟ್ಟಾಗ ಕಡವೆಯ ಕೊರಳ ಕೆಳಗೆ ಕೂದಲು ಉದುರಿ ಕೆಂಪಗಿರುತ್ತೆ. ಗಂಡಿಗೂ ಇರುತ್ತೆ, ಹೆಣ್ಣಿಗೂ ಇರುತ್ತೆ. ಅದು ಜಡೆಯನ ಬಾಣದ್ದು.

ಮಾರನೇ ದಿನ ಬೆಳಿಗ್ಗೆ ಜಡೆಯ ಬಿಲ್ಲಿನ ಹೆದೆ ಬಿಚ್ಚಿದ. ಆ ಹಗ್ಗದಲ್ಲಿ ಕೇತಿಯ ಅವರೆ ಬಳ್ಳಿ ಎತ್ತಿ ಚಪ್ಪರಕ್ಕೆ ಕಟ್ಟಿದ.