ಸಾಕು ಎನ್ನುವ ತನಕ

"ಮಹಾಪ್ರಭು, ನಾಳೆ ಸಂಜೆಯೊಳಗೆ ನಮ್ಮ ಇಬ್ಬರು ಪಂಡಿತರೂ ಹೊನ್ನವ್ವನ ಮಗನಿಗಾಗಿ ಜುಟ್ಟು ಹಿಡಿದು ಜಗಳವಾಡುವ ಹಾಗೆ ಮಾಡುತ್ತೇನೆ!"

ವಿದೂಷಕ ಬೂಚಯ್ಯ ಹೀಗೆಂದಾಗ ಸಿರಿಗಡದ ದೊರೆ ಮಲ್ಲಭೂಪನಿಗೆ ನಗು ತಡೆಯಲಾಗಲಿಲ್ಲ.

ಹೊನ್ನವ್ವ ಅರಮನೆಗೆ ಹೂ ಕಟ್ಟುವವಳು. ಅವಳ ಮಗ ಮಾಚ ಒಮ್ಮೆ ಕೇಳಿದ್ದನ್ನು ಮರೆಯುವವನಲ್ಲ. ಓದಬೇಕೆಂಬ ಆಸೆಗೆ ಪಾಠಶಾಲೆಯ ಕಿಟಕಿಯ ಕೆಳಗೆ ಬಿಸಿಲಲ್ಲಿ ಕೂತು ಪಾಠ ಕೇಳುತ್ತಿದ್ದ. ತೊಂದರೆಯೆಲ್ಲ ಅವನ ಹೊಟ್ಟೆಯದು. ಅದನ್ನು ತುಂಬಿಸುವುದು ಹೆತ್ತವಳಿಗೇ ಆಗುತ್ತಿರಲಿಲ್ಲ.

ಊಟ ಹಾಕಿ ಪಾಠ ಹೇಳುವ ಪಾಠಶಾಲೆಗಳೇನೋ ಊರಲ್ಲಿ ಎರಡಿದ್ದವು. ಅವುಗಳ ಪಂಡಿತರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಆದರೆ ಸೇರಿಸಿಕೊಳ್ಳುವ ಮೊದಲು ಹುಡುಗನನ್ನು ಪಂಕ್ತಿಯಲ್ಲಿ ಕೂರಿಸಿ ನೋಡುವುದು ಅಲ್ಲಿನ ಪದ್ಧತಿ. ಪೇಟೆ ಬೀದಿಯ ಪದ್ಮಾಕರ ಪಂಡಿತರಲ್ಲಿ ಎಲ್ಲರೂ ಕೈ ತೊಳೆದು ಬಂದರೂ ಮಾಚ ಇನ್ನೂ ಸಾರನ್ನಕ್ಕೆ ಕಾಯುತ್ತಿದ್ದ. ಕೆರೆ ಬೀದಿಯ ವಾಮದೇವ ಪಂಡಿತರ ಅಡುಗೆಯವನು ಸೌಟು ಬಿಸಾಡಿ ಓಡಿಹೋದವನು ತಿರುಗಿ ಬರಲೇ ಇಲ್ಲ. ಇಬ್ಬರೂ ಮಾಚನನ್ನು ಹೊರಗೆ ಹಾಕಿದರು. ಅವನಿಗೆ ಏನು ಬರುತ್ತದೆಂದು ಒಬ್ಬರೂ ಕೇಳಲಿಲ್ಲ. ಬೂಚಯ್ಯನಿಗೆ ಸಿಟ್ಟು ಬಂದದ್ದು ಅದಕ್ಕೇ.

"ಆಗದಿದ್ದರೆ?" ಎಂದ ದೊರೆ.

"ಮಾಚನಿಗೆ ನಮ್ಮ ಮನೆಯಲ್ಲೇ ಊಟ."

"ಅಯ್ಯೋ ಪಾಪ, ನಿನ್ನ ಹೆಂಡತಿ!"

ಬೂಚಯ್ಯ ನೇರವಾಗಿ ಪೇಟೆ ಬೀದಿಗೆ ಹೋದ. "ಪಂಡಿತರೇ, ಒಬ್ಬ ಜಾಣ ಹುಡುಗನಿದ್ದಾನೆ. ಪುಕ್ಕಟೆ ಊಟ..." ಎನ್ನುವಷ್ಟರಲ್ಲಿ ಪದ್ಮಾಕರ ಪಂಡಿತರು ಅವನ ಹೆಗಲು ಹಿಡಿದು ಹೆಬ್ಬಾಗಿಲ ತನಕ ನೂಕಿಕೊಂಡು ಬಂದರು. ಬೀದಿ ತಿರುಗುವವರೆಗೂ ಬೈದರು.

ಬೂಚಯ್ಯ ಧೂಳು ಕೊಡವಿಕೊಂಡು ಕೆರೆ ಬೀದಿಗೆ ಬಂದ.

"ಏನಯ್ಯ, ಪೇಟೆ ಬೀದಿಯಿಂದ ಬಂದ ಹಾಗಿದೆ?" ಎಂದರು ವಾಮದೇವ ಪಂಡಿತರು.

"ಒಬ್ಬ ಹುಡುಗನ ವಿಷಯ ಮಾತಾಡಲು ಹೋಗಿದ್ದೆ ಸ್ವಾಮಿ. ಒಮ್ಮೆ ಕೇಳಿದರೆ ಮರೆಯದವನು. ಪದ್ಮಾಕರ ಪಂಡಿತರು ಖುದ್ದಾಗಿ ಹೆಗಲ ಮೇಲೆ ಕೈಯಿಟ್ಟು ಬಾಗಿಲ ತನಕ ಬಂದರು. ಬೀದಿ ತಿರುಗುವ ತನಕ ಕೂಗುತ್ತಲೇ ಇದ್ದರು."

ವಾಮದೇವ ಪಂಡಿತರಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. "ಅಷ್ಟು ಬೇಕಾದವನೇ? ನಾನು ಎರಡು ಹೊತ್ತು ಊಟ ಹಾಕುತ್ತೇನೆ. ಇಲ್ಲಿಗೆ ಕಳಿಸು!"

"ಯೋಚಿಸಿ ಹೇಳುತ್ತೇನೆ," ಎಂದು ಬೂಚಯ್ಯ ಎದ್ದ.

ವಾಮದೇವರು ಯಾವನೋ ಜಾಣ ಹುಡುಗನಿಗೆ ಆಸೆಪಟ್ಟ ಸುದ್ದಿ ಪೇಟೆ ಬೀದಿಗೆ ಮುಟ್ಟಲು ತಡವಾಗಲಿಲ್ಲ. ಮರುದಿನ ಇಬ್ಬರೂ ಬೂಚಯ್ಯನನ್ನು ಹುಡುಕಿಕೊಂಡು ಆಸ್ಥಾನಕ್ಕೇ ಬಂದರು. ಹುಡುಗ ಯಾರೆಂದು ಕೇಳುವಷ್ಟು ವ್ಯವಧಾನ ಇಬ್ಬರಿಗೂ ಇರಲಿಲ್ಲ.

"ಬೂಚಯ್ಯ, ನಾನು ಮೂರು ಹೊತ್ತು ಊಟ ಹಾಕುತ್ತೇನೆ!" ಎಂದರು ಪದ್ಮಾಕರರು.

"ನಾನು ತುಪ್ಪವನ್ನೂ ಹಾಕುತ್ತೇನೆ!" ಎಂದರು ವಾಮದೇವರು.

"ಹಬ್ಬಕ್ಕೆ ಹೋಳಿಗೆ!"

"ಹಬ್ಬವಿಲ್ಲದಿದ್ದರೂ ಹೋಳಿಗೆ!"

"ಶನಿವಾರ ಎಣ್ಣೆ ಸ್ನಾನ!"

"ಬೆನ್ನು ನಾನೇ ಉಜ್ಜುತ್ತೇನೆ!"

ಪದ್ಮಾಕರರ ಕೈ ವಾಮದೇವರ ಜುಟ್ಟಿಗೆ ಹೋಯಿತು. ವಾಮದೇವರೂ ಸುಮ್ಮನಿರಲಿಲ್ಲ. ದೊರೆ ಸಿಂಹಾಸನದ ತುದಿಗೆ ಬಂದು ಕೂತ.

"ಕೇಳು ಬೂಚಯ್ಯ," ಪದ್ಮಾಕರರು ಕಿರುಚಿದರು. "ವಿದ್ಯೆ ಮುಗಿಯುವವರೆಗೂ ಅವನು ಸಾಕು ಎನ್ನುವ ತನಕ ಬಡಿಸುತ್ತೇನೆ! ಹಿಡಿ ವೀಳ್ಯ!"

ಸಿರಿಗಡದಲ್ಲಿ ವೀಳ್ಯ ಕೊಟ್ಟ ಮೇಲೆ ಮಾತು ಮುರಿಯುವಂತಿಲ್ಲ. ಬೂಚಯ್ಯ ವೀಳ್ಯ ತೆಗೆದುಕೊಂಡು ಬಾಗಿಲ ಕಡೆ ತಿರುಗಿದ. "ಬಾರಪ್ಪ ಮಾಚ, ಗುರುಗಳಿಗೆ ನಮಸ್ಕಾರ ಮಾಡು."

ಮಾಚ ಒಳಗೆ ಬಂದ. ಪದ್ಮಾಕರರು ಅಲ್ಲೇ ಕುಸಿದು ಕೂತರು. ವಾಮದೇವರು ಜುಟ್ಟು ಸರಿಮಾಡಿಕೊಂಡು, "ನಿಮ್ಮ ಪಾಠಶಾಲೆಯೇ ದೊಡ್ಡದು ಪಂಡಿತರೇ, ಒಪ್ಪಿಕೊಂಡೆ," ಎಂದು ಮೊದಲ ಸಲ ಬಾಯಿ ತುಂಬ ಹೊಗಳಿದರು.

"ಮಹಾಪ್ರಭು, ಕಾಪಾಡಬೇಕು!" ಎಂದರು ಪದ್ಮಾಕರರು. "ನಮ್ಮಲ್ಲಿ ವ್ಯಾಕರಣಕ್ಕೇ ಹನ್ನೆರಡು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಇವನು ಪಾಠಶಾಲೆಯ ಕಂಬಗಳನ್ನೂ ತಿಂದಿರುತ್ತಾನೆ!"

ಮಾಚನ ಮುಖ ಬಾಡಿತು. ಕೈಗೆ ಬಂದದ್ದು ಈಗಲೂ ತಪ್ಪಿಹೋಗುತ್ತದೇನೋ ಎಂದು ಅವನ ಕಣ್ಣಲ್ಲಿ ನೀರೇ ಬಂತು.

ಬೂಚಯ್ಯ ಪಂಡಿತರ ಕೈಹಿಡಿದು ಎಬ್ಬಿಸಿದ. "ಹನ್ನೆರಡು ವರ್ಷ ಹಿಡಿಯಲೇಬೇಕೆಂದು ಯಾರು ಹೇಳಿದರು ಸ್ವಾಮಿ? ಹುಡುಗ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ವಿದ್ಯೆ ಮುಗಿದ ದಿನವೇ ಊಟವೂ ಮುಗಿಯುತ್ತದೆ. ನೀವು ಎಷ್ಟು ಬೇಗ ಕಲಿಸಿದರೆ ನಿಮ್ಮ ಉಗ್ರಾಣಕ್ಕೆ ಅಷ್ಟು ಒಳ್ಳೆಯದು!"

ದೊರೆ ನಕ್ಕೂ ನಕ್ಕೂ ಕಿರೀಟ ಓರೆಯಾಯಿತು. ಕೊರಳ ಹಾರ ತೆಗೆದು ಬೂಚಯ್ಯನಿಗೆ ಹಾಕಿದ. ಪದ್ಮಾಕರ ಪಂಡಿತರನ್ನೂ ಸನ್ಮಾನಿಸೋಣವೆಂದು ತಿರುಗಿದರೆ ಅವರು ಅಲ್ಲಿರಲಿಲ್ಲ. ಮಾಚನ ಕೈ ಹಿಡಿದು ಎಳೆದುಕೊಂಡು, ಅರಮನೆಯ ಮೆಟ್ಟಿಲು ಇಳಿಯುತ್ತಲೇ ಮೊದಲ ಪಾಠ ಮುಗಿಸಿ ಎರಡನೆಯದನ್ನು ಶುರು ಮಾಡಿದ್ದರು.