ಹಿಂಭಾರದ ಟ್ರೇಲರ್ ಮತ್ತು ತಿಪ್ಪಕ್ಕನ ತಿಗರಿ

ಒಂದು ಕೆಂಪು ಕಾರಿತ್ತು. ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹಲ್ಲಿಯ ಹಾಗೆ ಓಡುವಂಥದ್ದು. ಅದರ ಯಜಮಾನ ನಿಶ್ಚಿತ್ ಎಂಬವನು ತನ್ನ ರೇಸಿನ ಬೈಕು ಸಾಗಿಸಲು ಎರಡು ಚಕ್ರದ ಪುಟ್ಟ ಟ್ರೇಲರ್ ಕೊಂಡಿದ್ದ. ಅದನ್ನು ಕಾರಿಗೆ ಸಿಕ್ಕಿಸುವ ಕೊಂಡಿ ಬೆಸೆಯಿಸಲು ಹೆದ್ದಾರಿ ಪಕ್ಕದ ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದ. ಇನ್ನೆಲ್ಲಿಗೆ ಹೋದಾನು? ನಾನು ಬೆಸೆದ ಕೊಂಡಿ ಬಿಟ್ಟುಕೊಂಡ ಚರಿತ್ರೆ ಈ ಸೀಮೆಯಲ್ಲೇ ಇಲ್ಲ.

ಕೆಲಸ ಮಾಡುತ್ತಾ ನನ್ನ ಲಾರಿ ಕಾಲದ ಒಂದು ಸಂಗತಿ ಹೇಳಿದೆ. ಘಟ್ಟದಲ್ಲಿ ಕೆಟ್ಟು ನಿಂತ ಲಾರಿಯನ್ನು, ಮೇಲಿದ್ದ ಸರ್ಕಸ್ ಆನೆಯ ಸಮೇತ, ನನ್ನ ಪಂಚೆಯನ್ನೇ ಹುರಿ ಹೊಸೆದು ಕಟ್ಟಿ ಹನ್ನೊಂದು ತಿರುವು ಮೇಲಕ್ಕೆ ಎಳೆದಿದ್ದೆ. ಆನೆಗೆ ಎಚ್ಚರವೂ ಆಗಿರಲಿಲ್ಲ. ನಿಶ್ಚಿತ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಲ್ಲೇ ಕುಂಬಾರರ ತಿಪ್ಪಕ್ಕ ಟೆಂಪೋಗೆ ಕಾಯುತ್ತಿದ್ದಳು. ಇಳಿಜಾರಿನ ಕೆಳಗಿನ ಊರಲ್ಲಿ ಒಳ್ಳೆ ಕೆರೆಮಣ್ಣು ಸಿಗುತ್ತದೆಂದು ಕಸುಬನ್ನೇ ಅಲ್ಲಿಗೆ ಸಾಗಿಸುತ್ತಿದ್ದಳು. ಜೊತೆಗೆ ನಲವತ್ತು ಗಡಿಗೆ, ಮತ್ತೆ ಗಡಿಗೆ ತಿರುಗಿಸುವ ಕಲ್ಲಿನ ತಿಗರಿ. ಅವಳ ಅನ್ನ ಹುಟ್ಟುವುದೇ ಆ ಕಲ್ಲಿನ ಮೇಲೆ.

"ಬನ್ನಿ ಆಂಟಿ, ನಾನೇ ಬಿಡ್ತೀನಿ. ಕೊಂಡಿ ಗಟ್ಟಿ ಇದೆಯೋ ಇಲ್ವೋ ನೋಡಿದ ಹಾಗೂ ಆಯ್ತು" ಅಂದ ನಿಶ್ಚಿತ್.

ನೋಡಿ ಇವನ ಧರ್ಮ! ಕೊಂಡಿ ಪರೀಕ್ಷೆ ಮಾಡೋಕೆ ಒಬ್ಬಳ ಅನ್ನವೇ ಬೇಕಿತ್ತೇ? ಕಲ್ಲು ಮಣ್ಣು ಇರಲಿಲ್ಲವೇ?

ತಿಗರಿಯನ್ನು ಟ್ರೇಲರಿನ ಮುಂಭಾಗಕ್ಕೆ ಇಟ್ಟು, ಸುತ್ತ ಗಡಿಗೆ ಜೋಡಿಸಿದೆವು. ಕಾರಿನ ಹಿಂಬದಿ ಕುಗ್ಗಿತು. ಅವನು ಕೂಗಿಕೊಂಡ. "ಏ ಏ, ಕಾರು ಕೂತ್ಬಿಡ್ತು! ಬಂಪರ್ ಉಜ್ಜುತ್ತೆ. ಕಲ್ಲನ್ನ ಪೂರ್ತಿ ಹಿಂದಕ್ಕೆ ತಳ್ಳಿ."

"ಬ್ಯಾಡಪ್ಪಾ" ಅಂದೆ. "ಎತ್ತಿನ ಗಾಡಿ ಹಿಂಭಾರ ಆದ್ರೆ ನೊಗ ಕಟ್ಟೋ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತೆ. ಇದೂ ಅಷ್ಟೇ. ಭಾರ ಚಕ್ರದ ಅಚ್ಚಿಗಿಂತ ಒಂದು ಗೇಣು ಮುಂದಿರಲಿ. ಕಾರು ಕುಗ್ಗಿದ್ರೆ ಗಡಿಗೆ ಇಳಿಸು, ಎರಡು ಸಲ ಹೋಗು. ಹಿಂಭಾರ ಹಾಕ್ಕೊಂಡು ಇಳಿಜಾರಲ್ಲಿ ಓಡಿಸಿದ್ಯೋ, ಬಾಲವೇ ನಾಯೀನ ಅಲ್ಲಾಡಿಸುತ್ತೆ."

"ತಾತಾ, ಇದಕ್ಕೆ ಇನ್ನೂರು ಕುದುರೆ ಬಲ. ನಿಮ್ಮ ಎತ್ತಿನ ಪುರಾಣ ಇದಕ್ಕೆ ಯಾಕೆ?" ಅಂದವನೇ ಕಣ್ಣು ಮಿಟುಕಿಸಿದ. "ಅಂದಹಾಗೆ, ಆ ಆನೇನ ಮುಂದೆ ಕೂರಿಸಿದ್ರಾ, ಹಿಂದೆನಾ?"

ತಿಪ್ಪಕ್ಕನೂ ಸೆರಗು ಬಾಯಿಗಿಟ್ಟು ನಕ್ಕಳು. ಅವನೇ ತಿಗರಿಯನ್ನು ಹಿಂದಕ್ಕೆ ಜರುಗಿಸಿ ಹಗ್ಗ ಬಿಗಿದ. ಕಾರು ನೆಟ್ಟಗಾಯಿತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ.

ನನಗೆ ತಡೆಯಲಿಲ್ಲ. ಮೊಪೆಡ್ ಹತ್ತಿ ಹಿಂದೆಯೇ ಹೋದೆ. ಇಳಿಜಾರು ಸಿಕ್ಕಿತೋ ಇಲ್ಲವೋ, ಅವನ ಕುದುರೆಗಳೆಲ್ಲ ಎದ್ದವು. ಟ್ರೇಲರ್ ಮೊದಲು ಒಂಚೂರು ಎಡಕ್ಕೆ ಓಲಾಡಿತು, ಆಮೇಲೆ ಬಲಕ್ಕೆ. ಅವನು ಬ್ರೇಕ್ ತುಳಿದ. ಅಷ್ಟೇ. ಹಿಂದಿನದು ಮುಂದಿನದನ್ನು ಹಿಡಿದು ಗಿರ್ರನೆ ತಿರುಗಿಸಿತು. ಟ್ರೇಲರ್ ಮಗುಚಿತು. ಕಾರು ರಸ್ತೆಗೆ ಅಡ್ಡ ನಿಂತಿತು.

ಇಬ್ಬರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆ ಪುಣ್ಯಾತ್ಮ ಇಳಿದವನೇ ಮೊದಲು ಏನು ಮಾಡಿದ ಗೊತ್ತೇ? ಬಗ್ಗಿ ಬಂಪರ್ ಸವರಿದ!

"ಲೇ, ಮೊದಲು ಹೆಂಗಸಿನ ಮುಖ ನೋಡೋ!" ಅಂತ ಒದರಿದೆ. ಆಚೆ ದಿಬ್ಬದ ಮೇಲಿನ ಕುರಿಗಳೂ ಮೇಯುವುದು ಬಿಟ್ಟು ನೋಡಿದವು.

ಗಡಿಗೆಗಳೆಲ್ಲ ಒಡೆದು ಬೋಕಿಯಾಗಿದ್ದವು. ತಿಗರಿ ನಡುವೆಯೇ ಎರಡು ಹೋಳು. ತಿಪ್ಪಕ್ಕ ಎರಡೂ ಹೋಳುಗಳನ್ನು ಒಂದಕ್ಕೊಂದು ಕೂಡಿಸಿ ನೋಡಿದಳು. ಕೈ ಬಿಟ್ಟಳು, ಮತ್ತೆ ಬೇರೆಯಾದವು.

"ಹೊಸದು ಕೊಡಿಸ್ತೀನಿ ಆಂಟಿ. ಎಲ್ಲಿ ಸಿಗುತ್ತೆ ಹೇಳಿ" ಅಂದ ಅವನು.

"ಓಲಾಡದ ಹಂಗೆ ಇದನ್ನ ಕೆತ್ತಿದ ಕಲ್ಲುಕುಟಿಗ ಸತ್ತು ಹನ್ನೆರಡು ವರ್ಷ ಆಯ್ತು ಕಣಪ್ಪ. ಹೋಗಿ ಅವನನ್ನ ಕರ್ಕೊಂಡು ಬಾ."

ನನ್ನ ಕೊಂಡಿ ಮಾತ್ರ ಕೂದಲೆಳೆಯಷ್ಟೂ ಕದಲಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದೆ. ತಿಪ್ಪಕ್ಕ ನನ್ನ ಕಡೆ ತಿರುಗಿದಳು.

"ನೀನಾದ್ರೂ ಗಟ್ಟಿಯಾಗಿ ಹೇಳಬಾರದಿತ್ತೇ ಓಬಣ್ಣ?"

"ಹೇಳಿದೆನಲ್ಲ ತಾಯಿ! ನಿನ್ನೆದುರಿಗೇ ಹೇಳಿದೆ!"

"ಹೇಳಿದೆ. ಆದ್ರೆ ಅದಕ್ಕೂ ಮೊದಲು ಆನೆ ಕಥೆ ಹೇಳಿದ್ದೆ."

ಬಗ್ಗಿ ರಸ್ತೆಯ ಮೇಲಿನ ಬೋಕಿ ಆಯತೊಡಗಿದೆ. ಅವನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ನನ್ನ ಮೇಲಿನದು ಅದಕ್ಕಿಂತ ಒಂದು ಗೇಣು ಜಾಸ್ತಿ.

ನೀತಿ: ನಿನ್ನ ಗಾಡಿಗೆ ಬಲ ಎಷ್ಟಿದೆ ಅನ್ನುವುದಲ್ಲ, ನಿನ್ನ ಹಿಂದೆ ಯಾರ ಬದುಕು ಕಟ್ಟಿದೆ ಅನ್ನುವುದನ್ನು ನೋಡಿ ಓಡಿಸು. ತನ್ನ ಬಂಪರ್ ಉಳಿಸಲು ಬೇರೆಯವರ ಭಾರವನ್ನು ಹಿಂದಕ್ಕೆ ತಳ್ಳುವವನು ಇಬ್ಬರನ್ನೂ ಕೆಡವುತ್ತಾನೆ. ಇನ್ನು ನನ್ನಂಥ ಬಾಯಿಬಡುಕರಿಗೂ ಒಂದು ಮಾತು: ದಿನವೂ ಬಡಾಯಿ ಕೊಚ್ಚಿದವನ ನಿಜವನ್ನು, ಬೇಕಾದ ದಿನ ಯಾರೂ ನಂಬುವುದಿಲ್ಲ.