ಯಂಕೋಬ ಸ್ಲ್ಯಾಬಿಗೆ ನೀರು ಕುಡಿಸಿದ್ದು

ದುರುಗಮ್ಮನಿಗೆ ಒಬ್ಬನೇ ಮಗ, ಯಂಕೋಬ. ಒಬ್ಬನೇ ಸಾಕಪ್ಪಾ ಅನ್ನುವಂಥ ಮಗ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ್ದನ್ನೇ ಮಾಡುತ್ತಿದ್ದ, ಅದೇ ತಾಪತ್ರಯ. ಮಳೆಗೆ ಇನ್ನೊಂದು ತಿಂಗಳಿದೆ ಅನ್ನುವಾಗ ಆಕೆ ಸೋರುವ ತಗಡು ಕೀಳಿಸಿ, ಇದ್ದೊಂದು ಕೋಣೆಗೆ ಸ್ಲ್ಯಾಬು ಹಾಕಿಸಲು ಹೊರಟಳು. ಮಳೆ ಬರುವುದರೊಳಗೆ ಸೂರಾಗದಿದ್ದರೆ ತಾಯಿ ಮಗ ಇಬ್ಬರೂ ಬೀದಿಪಾಲು.

ಮೇಸ್ತ್ರಿ ಹುಸೇನಪ್ಪ ಯಂಕೋಬನಿಗೆ, ಹತ್ತು ಬುಟ್ಟಿ ಸಿಮೆಂಟಿನಲ್ಲಿ ಮೂರು ತೆಗೆದು ಮೂರು ಬುಟ್ಟಿ ಬೂದಿ ಹಾಕೋಣ, ಸ್ಲ್ಯಾಬು ಬಾಳಿಕೆ ಬರುತ್ತದೆ, ಬೂದಿ ತಾ ಎಂದ. ಯಂಕೋಬ ಅವ್ವನ ಒಲೆ ಬಳಿದು ತಂದ. ಅದರಲ್ಲಿ ಇದ್ದಿಲು, ಸುಟ್ಟ ಬದನೆಕಾಯಿಯ ತೊಟ್ಟು. ಮೇಸ್ತ್ರಿ ಹಣೆ ಚಚ್ಚಿಕೊಂಡ. ಒಲೆಯದಲ್ಲ, ಕರೆಂಟು ತಯಾರಿಸುವ ಕಾರ್ಖಾನೆಯ ಹಾರುಬೂದಿ, ಹಿಟ್ಟಿನಷ್ಟು ನುಣ್ಣಗಿರಬೇಕು. ಇನ್ನು ಏನೇ ಬಂದರೂ ಮೊದಲು ಜರಡಿ ಹಿಡಿ ಎಂದ.

ಮರುದಿನ ಜಲ್ಲಿ ಬಂತು. ಯಂಕೋಬ ಜರಡಿ ಹಿಡಿದ. ಕೆಳಗೆ ಬಿದ್ದ ಬೊಗಸೆ ಧೂಳನ್ನು ಜೋಪಾನವಾಗಿ ಎತ್ತಿಟ್ಟು, ಮೇಲುಳಿದ ಜಲ್ಲಿಯನ್ನೆಲ್ಲ ಹಳ್ಳಕ್ಕೆ ಸುರಿದ. ಮೇಸ್ತ್ರಿ ಚೆನ್ನಾಗಿ ಉಗಿದು, ಅಷ್ಟನ್ನೂ ಆರಿಸಿ ತರಿಸಿದ. ಬಂದದ್ದನ್ನು ನೀರಲ್ಲಿ ತೊಳೆದು ಕೊಡಬೇಕು ಕಣೋ ಎಂದ.

ಆಮೇಲೆ ಸಿಮೆಂಟು ಬಂತು. ಯಂಕೋಬ ತೊಳೆದ. ಚೀಲ ಬಿಚ್ಚಿ ಬಿಚ್ಚಿ ತೊಳೆದ. ಸಂಜೆಗೆ ಅಂಗಳದಲ್ಲಿ ಒಂದು ಬಂಡೆ. ದುರುಗಮ್ಮ ಅತ್ತೇಬಿಟ್ಟಳು. ಸಿಮೆಂಟಿನ ಹತ್ತಿರ ನೀರು ಸುಳಿಯಲು ಬಿಡಬೇಡ ಎಂದು ಮೇಸ್ತ್ರಿ ಯಂಕೋಬನಿಗೆ ಕೈಮುಗಿದ.

ಹೇಗೋ ಮತ್ತೆ ಸಿಮೆಂಟು ತರಿಸಿ, ಮೇಸ್ತ್ರಿ ತಾನೇ ನಿಂತು ಹಾರುಬೂದಿ ಬೆರೆಸಿ ಸ್ಲ್ಯಾಬು ಹಾಕಿದ. ಬೂದಿ ಸ್ಲ್ಯಾಬು ಗಟ್ಟಿಯಾಗುವುದು ನಿಧಾನ, ದಿನಾ ಮೇಲೆ ನೀರು ನಿಲ್ಲುವಂತೆ ಸುರಿಯಬೇಕು ಎಂದು ದುರುಗಮ್ಮನಿಗೆ ಹೇಳಿದ. ಆಕೆ ಬೆಳಿಗ್ಗೆ ಏಣಿ ಹತ್ತಿ ಕೊಡಗಟ್ಟಲೆ ಸುರಿದು ಕೂಲಿಗೆ ಹೋಗುವಳು. ಯಂಕೋಬ ಹಿಂದೆಯೇ ಹತ್ತಿ, ಪೊರಕೆಯಲ್ಲಿ ನೂಕಿ, ಬಟ್ಟೆಯಲ್ಲಿ ಒರೆಸುವನು. ಪಾಪ, ಇಬ್ಬರೂ ಬೆವರು ಸುರಿಸಿ ದುಡಿದರು.

ಇಪ್ಪತ್ತನೆಯ ದಿನ ಮೇಸ್ತ್ರಿ ಸ್ಲ್ಯಾಬಿನಡಿ ಆನಿಸಿದ್ದ ಹಲಗೆ ಬಿಚ್ಚಿ, ಸ್ಲ್ಯಾಬು ತಟ್ಟಿ ನೋಡಿ ಮುಖ ಸಣ್ಣ ಮಾಡಿದ. ಬೀಳುವುದಿಲ್ಲ, ಆದರೆ ಗಟ್ಟಿಯಾಗಿಲ್ಲ ಎಂದ. ಆಗ ಯಂಕೋಬ, ತಾನು ದಿನಾ ಒರೆಸಿದ್ದನ್ನು ಹೆಮ್ಮೆಯಿಂದ ಹೇಳಿದ. ದುರುಗಮ್ಮನಿಗೆ ಬೈಯಲೂ ತ್ರಾಣವಿರಲಿಲ್ಲ.

"ಸ್ಲ್ಯಾಬಿಗೆ ನೀರಡಿಕಿ ಆಗೇತಪ್ಪಾ," ಅಂದಳು. "ಒರಸಬ್ಯಾಡ. ನೀರು ಅದರ ಹೊಟ್ಟಿಯೊಳಗ ಇಳೀಬೇಕು."

ಯಂಕೋಬನಿಗೆ ಸ್ಲ್ಯಾಬಿನ ಮೇಲೆ ಕನಿಕರ ಹುಟ್ಟಿತು. ಮಾರನೆಯ ದಿನ ಆಕೆ ಹಿಟ್ಟು ಬೀಸಿಸಲು ಹೋದಾಗ ಉಳಿ ಸುತ್ತಿಗೆ ಹಿಡಿದು ಮೇಲೆ ಹತ್ತಿದ.

ದುರುಗಮ್ಮ ಬಂದು ಹೊಸ ಸೂರಿನಡಿ ಒಲೆ ಹಚ್ಚಿದಳು. ಹೊರಗೆ ಮೊದಲ ಮಳೆ ದಬದಬ ಹಿಡಿಯಿತು. ಬರಲಿ ಬಿಡು, ಇನ್ನೇನು ಭಯ ಎಂದು ರೊಟ್ಟಿ ತಟ್ಟಿದಳು. ತಲೆಯ ಮೇಲೆ ಧಾರೆಯಾಗಿ ನೀರು ಸುರಿಯಿತು. ಕತ್ತೆತ್ತಿದರೆ ಸ್ಲ್ಯಾಬಿನ ನಟ್ಟನಡುವೆ ತೂತು. ತೂತಿನಲ್ಲಿ ಮಗನ ಮುಖ.

"ಯವ್ವಾ, ಗಟಗಟ ಕುಡ್ಯಾಕತ್ತೈತಿ ನೋಡು. ಪಾಪ, ಇದಕ್ಕ ಬಾಯಿನ ಇರಲಿಲ್ಲ!"